ಅರ್ಧ ಬನ್ಸಿನ ಗಲಾಟೆ

ಪುತ್ತೂರಿನ ದರ್ಬೆಯ ಹೋಟೆಲಿನಲ್ಲಿ ಉಳಿದಿದ್ದ ಒಂದೇ ಬನ್ಸನ್ನು ಅರ್ಧ ಮಾಡಿ ಕೊಟ್ಟದ್ದೇ ತಪ್ಪಾಯಿತು. ಎರಡು ವರ್ಷದ ನಮ್ಮ ಅವಳಿಗಳಿಬ್ಬರಿಗೂ ದೊಡ್ಡ ತುಂಡೇ ಬೇಕು. ಕಿರುಚಾಟದಲ್ಲಿ ನೀರಿನ ಲೋಟ ಉರುಳಿತು, ಸಾಂಬಾರು ನನ್ನ ಚೂಡಿದಾರದ ಮೇಲೆ ಚೆಲ್ಲಿತು. ಪಕ್ಕದ ಮೇಜಿನವರು ತಟ್ಟೆ ಹಿಡಿದುಕೊಂಡು ದೂರ ಹೋಗಿ ಕೂತರು. "ಉಳಿದದ್ದನ್ನು ಪಾರ್ಸೆಲ್ ಮಾಡಿಸುವ, ಹೋಗುವ" ಎಂದು ಗಂಡ ಎದ್ದೇಬಿಟ್ಟರು. ನಾನೂ ಚೀಲ ಹೆಗಲಿಗೇರಿಸಿದೆ.

ಎದುರಿನ ಮೇಜಿನಲ್ಲಿ ಚಹಾ ಕುಡಿಯುತ್ತಿದ್ದ ಬ್ಯಾರಿ ಹೆಂಗಸೊಬ್ಬರು ನನ್ನನ್ನು ತಡೆದರು.

"ಕೂತ್ಕೊಳ್ಳಿ ಮಾರಾಯ್ರೆ. ನನ್ನದೂ ಅವಳಿ ಮಕ್ಕಳೇ. ಒಮ್ಮೆ ಹೀಗೇ ನಾಚಿಕೆಯಾಗಿ ಎದ್ದು ಹೋದೆ. ಮತ್ತೆ ಅವರು ಹೈಸ್ಕೂಲಿಗೆ ಹೋಗುವವರೆಗೆ ಹೋಟೆಲಿನ ಮೆಟ್ಟಿಲು ಹತ್ತಲಿಲ್ಲ."

ನಾನು ಚೀಲ ಕೆಳಗಿಟ್ಟು, ಗಂಡನನ್ನೂ ಕೂರಿಸಿ, ಮೇಜು ಒರೆಸಿದೆ. ಎರಡು ತಟ್ಟೆಯಲ್ಲಿ ಬೇರೆ ಬೇರೆ ದೋಸೆ ತರಿಸಿ, ಅಳು ನಿಲ್ಲುವವರೆಗೆ ಅಲುಗಾಡದೆ ಕೂತೆ. ನನ್ನ ಚಹಾವನ್ನೂ ಬಿಸಿಬಿಸಿಯಾಗಿಯೇ ಕುಡಿದೆ.

ಈಗ ಕಡಬದಿಂದ ಪುತ್ತೂರಿಗೆ ಹೋದಾಗಲೆಲ್ಲ ಅದೇ ಹೋಟೆಲಿಗೆ ಹೋಗುತ್ತೇವೆ. ನಮ್ಮ ಅವಳಿಗಳನ್ನು ಕಂಡ ಕೂಡಲೇ ಸಪ್ಲಾಯರ್ "ಪಾರ್ಸೆಲಾ ಅಕ್ಕ?" ಎಂದು ಆಸೆಯಿಂದ ಕೇಳುತ್ತಾರೆ. ನಾನು ಕುರ್ಚಿ ಎಳೆದುಕೊಂಡು ಹೇಳುತ್ತೇನೆ, "ಇಲ್ಲ, ಇಲ್ಲೇ ತಿನ್ನುದು."