ಲಕೋಟೆಯ ಮೇಲಿದ್ದ ಯಜಮಾನರ ಹೆಸರು

"ಶ್ರೀ ಗುರುಸಿದ್ದಪ್ಪ ಎಲಿಗಾರ!" ಎಂದು ರೂಢಿಯಂತೆ ಬಾಗಿಲಲ್ಲಿ ಕೂಗಿ ನಾಲಿಗೆ ಕಚ್ಚಿಕೊಂಡೆ. ಅವರು ತೀರಿಹೋಗಿ ಕೆಲವು ತಿಂಗಳಾಗಿತ್ತು. ಹೊರಬಂದ ಅವರ ಹೆಂಡತಿ ಗಂಗಮ್ಮ ಸಿಟ್ಟಾಗಲಿಲ್ಲ.

"ಇನ್ನೊಮ್ಮೆ ಓದ್ರಿ," ಎಂದರು.

ಅರವತ್ತರ ದಶಕದಲ್ಲಿ ನಾನು ಸವಣೂರಿನಲ್ಲಿ ಪೋಸ್ಟ್‌ಮನ್ ಆಗಿದ್ದೆ. ಅಂದು ನನ್ನ ಕೈಯಲ್ಲಿದ್ದದ್ದು ಆದಾಯ ತೆರಿಗೆ ಕಚೇರಿಯ ರಿಜಿಸ್ಟರ್ ಲಕೋಟೆ. ವೀಳ್ಯದೆಲೆ ವ್ಯಾಪಾರಿಯಾಗಿದ್ದ ಗುರುಸಿದ್ದಪ್ಪನವರು ಹೆಚ್ಚಿಗೆ ಕಟ್ಟಿದ್ದ ತೆರಿಗೆ ಮರಳಿ ಬರಲೆಂದು ವರ್ಷಗಟ್ಟಲೆ ಕಾದಿದ್ದರು. ನನ್ನ ಸೈಕಲ್ ಕಂಡರೆ ಸಾಕು, "ಸರಕಾರ ನನ್ನ ಮರತೈತೋ, ನೀ ಮರತಿಯೋ?" ಎಂದು ಚುಡಾಯಿಸುತ್ತಿದ್ದರು.

ನಾನು ಮತ್ತೊಮ್ಮೆ ಹೆಸರು ಓದಿದೆ. ಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಗಂಡನ ಹೆಸರು ನಾ ಹೇಳಂಗಿಲ್ಲ. ಹುಡುಗ್ರು ಅಪ್ಪ ಅಂತಾವ. ಈ ಮನ್ಯಾಗ ಆ ಹೆಸರು ಕೇಳಿ ಭಾಳ ದಿನಾ ಆತ್ರಿ."

"ಇದನ್ನ ವಾಪಸ್ ಕಳಸಬೇಕ್ರೀ ಅವ್ವ, ನಿಯಮ ಹಂಗೈತಿ. ನೀವು ಅರ್ಜಿ ಹಾಕ್ರಿ, ರೊಕ್ಕ ನಿಮ್ಮ ಹೆಸರಿಗೆ ಬರತೈತಿ. ಆದ್ರ ತಡಾ ಆಗತೈತಿ."

"ಆಗ ಲಕೋಟಿ ಮ್ಯಾಲ ಅವರ ಹೆಸರು ಇರತೈತೇನ್ರಿ?"

"ಇರತೈತ್ರಿ. ಇಂಥವರ ಹೆಂಡ್ತಿ ಅಂತ ಬರೀತಾರ."

"ಹಂಗಾರ ತಡಾ ಆದ್ರ ಆಗ್ಲಿ, ಕಾಯ್ತೇನಿ."

ಮರುವರ್ಷ ಗಂಗಮ್ಮನ ಹೆಸರಿಗೆ ಹೊಸ ಲಕೋಟೆ ಬಂತು. ರುಜು ಮಾಡಿಸಿಕೊಂಡು ಮುಂದಿನ ಮನೆಗೆ ಹೊರಡುವುದೇ ನನ್ನ ಕ್ರಮ. ಆ ದಿನ ಮಾತ್ರ ಸೈಕಲ್ ಗೋಡೆಗೆ ಒರಗಿಸಿ, ಅವರು ಕೇಳುವ ಮೊದಲೇ ವಿಳಾಸವನ್ನು ಎರಡು ಸಲ ನಿಧಾನವಾಗಿ ಓದಿದೆ.