ಹಿಂದಿನ ದೀಪದ ಕೆಂಪು ಗಾಜು

ಪಿಂಚಣಿ ಕಾಗದ ಹುಡುಕುತ್ತ ಟ್ರಂಕಿನ ತಳಕ್ಕೆ ಕೈ ಹಾಕಿದಾಗ ಹಳೇ ತೆಲುಗು ಪೇಪರಿನಲ್ಲಿ ಸುತ್ತಿಟ್ಟ ಪೊಟ್ಟಣವೊಂದು ಸಿಕ್ಕಿತು. ಬಿಚ್ಚಿದೆ. ಅಂಗೈಯಲ್ಲಿ ಹಿಡಿಯುವಷ್ಟು ಕೆಂಪು ಗಾಜು, ಫಿಯಾಟ್ ಕಾರಿನ ಹಿಂದಿನ ದೀಪದ್ದು. ನೋಡಿದ್ದೇ ತಡ, ನಲವತ್ತು ವರ್ಷದ ಹಿಂದಿನ ಸಿಟ್ಟು ನೆತ್ತಿಗೇರಿತು. ಪುಣ್ಯಾತ್ಮ! ಸತ್ತ ಮೇಲೂ ನನ್ನ ಬಿ.ಪಿ. ಏರಿಸುವ ಮನುಷ್ಯ ಅವರೊಬ್ಬರೇ.

ಅವರು ಆಂಧ್ರ ಗಡಿಯ ಆದೋನಿಯ ಹತ್ತಿ ವ್ಯಾಪಾರಿ, ಊರಿಗೆಲ್ಲ ಸಾವ್ಕಾರ್ರು. ನಾನು ತಾಲೂಕು ಕಚೇರಿಯ ಗುಮಾಸ್ತ, ನನ್ನದು ಸೈಕಲ್ಲು. ನಮ್ಮಿಬ್ಬರಿಗೂ ಇದ್ದದ್ದು ಒಂದೇ ಹುಚ್ಚು, ಹಳೇ ಕಾರಿನದು. ಭಾನುವಾರ ಬೆಳಿಗ್ಗೆ ಅವರ ಹತ್ತಿ ಗಿರಣಿಯ, ಅಂದರೆ ಜಿನ್ನಿನ, ಅಂಗಳದಲ್ಲಿ ನಾಲ್ಕೈದು ಜನ ಸೇರುತ್ತಿದ್ದೆವು. ಡಾಕ್ಟರರು ತಮ್ಮ ಲ್ಯಾಂಡ್‌ಮಾಸ್ಟರ್ ತರುತ್ತಿದ್ದರು, ವಕೀಲರು ಮಾರಿಸ್ ಮೈನರ್. ಬಾನೆಟ್ಟು ಎತ್ತಿಟ್ಟು, ಒಗ್ಗರಣಿ ಮಿರ್ಚಿ ತಿನ್ನುತ್ತ, ಯಾವ ವರ್ಷದ ಗಾಡಿಗೆ ಯಾವ ಗ್ರಿಲ್ಲು ಬಂದಿತ್ತು ಎಂದು ಗಂಟಲು ಹರಿದುಕೊಳ್ಳುತ್ತಿದ್ದೆವು. ಕಾರಿಲ್ಲದ ನನ್ನ ಗಂಟಲೇ ಎಲ್ಲರಿಗಿಂತ ದೊಡ್ಡದು.

ಸಾವ್ಕಾರ್ರ ಫಿಯಾಟಿನ ಮುಂದಿನ ಬಾಗಿಲುಗಳಿಗೆ ಕೀಲು ಹಿಂದಿನ ಅಂಚಿನಲ್ಲಿತ್ತು. ಅಂದರೆ ಬಾಗಿಲು ಎಲ್ಲ ಕಾರುಗಳಿಗಿಂತ ಉಲ್ಟಾ ತೆರೆಯುತ್ತಿತ್ತು. ಕುಂಡಿ ಮೊದಲು ಒಳಗಿಟ್ಟು ಆಮೇಲೆ ಕಾಲು ಎಳೆದುಕೊಳ್ಳಬೇಕು. ಅವರ ಹೆಂಡತಿಯ, ಅಂದರೆ ನಾನು ಅತ್ತಿಗೆ ಎನ್ನುತ್ತಿದ್ದವರ, ಎಷ್ಟು ಸೀರೆಯ ಸೆರಗು ಆ ಬಾಗಿಲಿಗೆ ಸಿಕ್ಕಿ ಹರಿದವೋ! ಕೀಲು ಮುಂದಕ್ಕೆ ಹಚ್ಚಿಕೊಡುತ್ತೇನೆ ಎಂದ ಮೆಕ್ಯಾನಿಕ್ಕನ ಮೇಲೆ ಸಾವ್ಕಾರ್ರು ಪಾನಾ ಎತ್ತಿಕೊಂಡು ಹೋಗಿದ್ದರು.

"ಇದು ಮೊದಲನೇ ಸರಕಿಂದು ಲೇ. ಬಾಗಲಾ ತಿರುವಿದ್ರ ಊರ ಮಂದಿ ಗಾಡಿ ಆಕೈತಿ!"

ನಮ್ಮ ಗುಂಪಿನಲ್ಲಿ ಯಾರ ಮದುವೆಯಾದರೂ ಹೆಣ್ಣು ಮನೆ ತುಂಬಲು ಬರುತ್ತಿದ್ದದ್ದು ಅದೇ ಫಿಯಾಟಿನಲ್ಲಿ. ಅದು ಸಾವ್ಕಾರ್ರೇ ಹಾಕಿಕೊಂಡ ಪದ್ಧತಿ. ಅದರ ಜೊತೆಗೆ ಇನ್ನೊಂದು ಪದ್ಧತಿಯೂ ಇತ್ತು ನೋಡಿ, ತಲೆನೋವಿನದು. ಗಾಡಿಗೆ ಎಳ್ಳಷ್ಟು ಊನವಿದ್ದರೂ ಹೊಸ ಮುತ್ತೈದೆಯನ್ನು ಹತ್ತಿಸಬಾರದು. ಬೇರೆ ಮಾಡೆಲಿನ ಸಾಮಾನು ಹಚ್ಚಿದರೆ ಅದೂ ಊನವೇ!

ನನ್ನ ಮದುವೆ ಮಂತ್ರಾಲಯದಲ್ಲಿ ಗೊತ್ತಾಯಿತು. "ಹೆಣ್ಣಿನ್ನ ನಾ ಕರಕೊಂಡು ಬರ್ತೀನಿ ಆಚಾರ್ರೆ, ಚಿಂತಿ ಬಿಡ್ರಿ" ಎಂದು ಸಾವ್ಕಾರ್ರು ನನಗೆ ಮಾತು ಕೊಟ್ಟರು. ನಾನು ಬೀಗರ ಮುಂದೆ ಮೀಸೆ ತಿರುವಿ ಹೇಳಿಕೊಂಡೆ. ಅಷ್ಟರಲ್ಲಿ ಕೋಸಗಿ ಸ್ಟೇಷನ್ನಿನ ಮುಂದೆ ಎತ್ತಿನ ಗಾಡಿಯೊಂದರ ಮೂಕಿಮರ ಹಿಂದಿನಿಂದ ಬಡಿದು ಫಿಯಾಟಿನ ಬಲಗಡೆಯ ಹಿಂದಿನ ದೀಪದ ಗಾಜು ಪುಡಿಯಾಯಿತು.

ನಾಳೆ ದೇವರ ಸಮಾರಾಧನೆ ಇಟ್ಟುಕೊಂಡು ನಾನು ಬಳ್ಳಾರಿಗೆ ಓಡಿದೆ. "ಮದಿವಿ ನಿಂದೋ, ಆ ಕಾರಿಂದೋ?" ಎಂದು ಅವ್ವ ಬೈದಳು. ಗುಜರಿ ಅಂಗಡಿಗಳನ್ನೆಲ್ಲ ಕೆದಕಿ, ಕೈಯೆಲ್ಲ ಗ್ರೀಸು ಮಾಡಿಕೊಂಡು, ಕೊನೆಗೆ ಈ ಗಾಜನ್ನು ಹುಡುಕಿ ತಂದೆ. ಸಾವ್ಕಾರ್ರು ಬಿಸಿಲಿಗೆ ಹಿಡಿದು ನೋಡಿದರು. ಎಡಗಡೆಯ ದೀಪದ ಪಕ್ಕಕ್ಕೆ ಹಿಡಿದರು. ತಲೆ ಅಲ್ಲಾಡಿಸಿದರು.

"ಇದು ಮುಂದಿನ ಮಾಡೆಲ್ದು. ಕೆಂಪು ಬ್ಯಾರೆ ಐತಿ."

"ಎಡಗಡಿದು ಬಿಸಿಲಿಗೆ ಮಾಸೇತ್ರಿ! ಒಮ್ಮಿ ಹಚ್ಚಿ ನೋಡ್ರಿ."

"ಸುಳ್ಳು ಸಾಮಾನಿಗೆ ನಾ ಸ್ಕ್ರೂ ಹಾಕಂಗಿಲ್ಲ."

"ಮುಂದ ಹೆಣ್ಣು ಕುಂತಿರ್ತಾಳ. ಹಿಂದ ದೀಪ ಯಾರು ನೋಡ್ತಾರ್ರಿ?"

"ನಾ ನೋಡ್ತೀನಲ್ಲ."

ಏನು ಹೇಳುತ್ತೀರಿ ಇಂಥವರಿಗೆ? ಕೋಣನ ಮುಂದೆ ಕಿನ್ನರಿ. ಫಿಯಾಟು ಬರಲಿಲ್ಲ. ನನ್ನ ಹೆಂಡತಿ ಬಾಸಿಂಗದ ದಾರ ಹಣೆಯಲ್ಲಿರುವಾಗಲೇ ಸರ್ಕಾರಿ ಬಸ್ಸಿನಲ್ಲಿ, ಮೆಣಸಿನಕಾಯಿ ಚೀಲಗಳ ನಡುವೆ ನಿಂತು ಆದೋನಿಗೆ ಬಂದಳು. ಮಾಧವರಂ ದಾಟಿದ ಮೇಲೆ ಕಂಡಕ್ಟರನೇ ಕರಗಿ "ಪೆಳ್ಳಿಕೂತುರುಕಿ ಸೀಟಿವ್ವಂಡಯ್ಯಾ" ಎಂದು ಕೂಗಿ ಮದುಮಗಳಿಗೆ ಜಾಗ ಕೊಡಿಸಿದ. ಬೀಗರ ಮುಖ ನೋಡಲಾರದೆ ನಾನು ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದೆ.

ಆವತ್ತಿನಿಂದ ಜಿನ್ನಿನ ಅಂಗಳಕ್ಕೆ ಕಾಲಿಡಲಿಲ್ಲ. ಬಜಾರಿನಲ್ಲಿ ಎದುರಾದರೆ ನಾನು ಆ ಕಡೆ, ಅವರು ಈ ಕಡೆ. ಬಲಗಡೆ ದೀಪದ ಜಾಗದಲ್ಲಿ ತೂತು ಇಟ್ಟುಕೊಂಡೇ ಫಿಯಾಟು ಓಡಾಡುತ್ತಿತ್ತು. ಅದನ್ನು ನೋಡಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು. ಭಾನುವಾರ ಬಂದರೆ ಮಾತ್ರ ಮನೆಯಲ್ಲಿ ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ... ಹೆಂಡತಿಯ ಹತ್ತಿರ ಗ್ರಿಲ್ಲಿನ ಬಗ್ಗೆ ಎಷ್ಟು ಮಾತಾಡಲಿಕ್ಕೆ ಬಂದೀತು?

ಏಳೆಂಟು ವರ್ಷ ಹೀಗೇ ಹೋದವು. ಒಂದು ದಿನ ಅತ್ತಿಗೆ ಆಳಿನ ಕೈಯಲ್ಲಿ ಹೇಳಿ ಕಳಿಸಿದರು. ಸಾವ್ಕಾರ್ರಿಗೆ ಆರಾಮಿಲ್ಲ, ಹಾಸಿಗೆ ಹಿಡಿದಿದ್ದಾರೆ. "ಆಚಾರ್ರು ಆ ಗಾಜು ತಗೊಂಡು ಬರ್ಲಿ, ಹಚ್ಚಿ ನೋಡೂನು" ಅಂದಿದ್ದಾರಂತೆ.

ನಾನೆಂಥ ಮಹಾತ್ಮ! "ಗಾಜು ಬೇಕಿದ್ರ ಸಾವ್ಕಾರ್ರೇ ಬರ್ಲಿ" ಎಂದು ಅದೇ ಆಳಿನ ಕೈಯಲ್ಲಿ ಹೇಳಿ ಕಳಿಸಿದೆ. ಇನ್ನೆರಡು ದಿನ ಬಿಟ್ಟು ಹೋದರಾಯಿತು, ಸ್ವಲ್ಪ ಕಾಯಲಿ ಎಂದುಕೊಂಡಿದ್ದೆ. ಮೂರನೇ ದಿನ ಅವರಲ್ಲಿಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿರುವಾಗ ಸುದ್ದಿ ಬಂತು... ಮಣ್ಣಿಗೆ ಹೋಗಿ ಒಂದು ಹಿಡಿ ಹಾಕಿ ಬಂದೆ. ಗಾಜು ಟ್ರಂಕು ಸೇರಿತು.

ಮೊನ್ನೆ ಅದನ್ನು ಜೇಬಿಗೆ ಹಾಕಿಕೊಂಡು ಜಿನ್ನಿಗೆ ಹೋದೆ. ಅತ್ತಿಗೆಗೆ ಈಗ ಕಣ್ಣು ಮಂಜು. ದನಿಯಿಂದಲೇ ಗುರುತು ಹಿಡಿದರು. "ಈಗ ಬಂದ್ರೇನು?" ಎಂದಷ್ಟೇ ಕೇಳಿ ಗೋಡೌನಿನ ಬೀಗದಕೈ ಕೊಟ್ಟರು. ಫಿಯಾಟು ನಾಲ್ಕು ಇಟ್ಟಿಗೆ ಕಂಬಗಳ ಮೇಲೆ ನಿಂತಿತ್ತು. ಮೈತುಂಬ ಹತ್ತಿಯ ಧೂಳು.

ಮೊಣಕಾಲೂರಿ ಗಾಜನ್ನು ತೂತಿಗೆ ಇಟ್ಟೆ. ಕೂತುಬಿಟ್ಟಿತು. ಸ್ಕ್ರೂ ತೂತಿಗೆ ಸ್ಕ್ರೂ ತೂತು, ಅಂಚಿಗೆ ಅಂಚು, ಕೂದಲೆಳೆ ತೂರಲೂ ಸಂದಿಲ್ಲ. ಅದೇ ಮಾಡೆಲ್ಲು!

"ನೋಡ್ರಿ ಸಾವ್ಕಾರ್ರೆ!" ಎಂದು ನಾನು ಗೋಡೌನೆಲ್ಲ ಅದರುವಂತೆ ಕೂಗಿದೆ. "ನಾ ಹೇಳಿದ್ದಿಲ್ಲೇನು? ಈಗ ಏನಂತೀರಿ? ಹೇಳ್ರಿ!"

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಗಾಜನ್ನು ಒತ್ತಿ ಹಿಡಿದುಕೊಂಡೇ ಕೂತಿದ್ದೆ. 'ಇಲ್ರಿ, ಕೆಂಪು ಬ್ಯಾರೆ ಐತಿ' ಎಂದು ಒಮ್ಮೆ, ಒಂದೇ ಒಂದು ಸಲ, ಸಾವ್ಕಾರ್ರು ಜಗಳ ತೆಗೆದಿದ್ದರೆ ನಾನು ಒಪ್ಪಿಕೊಂಡುಬಿಡುತ್ತಿದ್ದೆ.