ಅಣ್ಣ ಬಿಟ್ಟುಹೋದ ತುದಿಗಳು

ಬನಹಟ್ಟಿಯ ನಮ್ಮ ಮನೆಗೆ ನೀವು ಬಂದರೆ ಮಗ್ಗದ ಪಕ್ಕದಲ್ಲಿ ಒಂದು ತೆಂಗಿನ ಚಿಪ್ಪು ಕಾಣುತ್ತದೆ. ಅದರ ತುಂಬ ಬಟ್ಟೆಯಲ್ಲಿ ಸೋಸಿದ ಒಲೆಯ ಬೂದಿ. ಪಾತ್ರೆ ತಿಕ್ಕಲು ಇಟ್ಟದ್ದೆಂದು ಹೊಸಬರು ತಿಳಿಯುತ್ತಾರೆ. ಅದು ಎಳೆ ಕೆಚ್ಚುವ ಬೂದಿ. ಮಗ್ಗಕ್ಕೆ ಏರಿಸಿದ ಉದ್ದ ಎಳೆಗಳ ಸುರುಳಿಗೆ ಹಾಸು ಎನ್ನುತ್ತಾರೆ; ಒಂದು ಹಾಸಿನ ಸೀರೆಗಳೆಲ್ಲ ಮುಗಿದಾಗ ನೇಕಾರರು ಕೊನೆಯವರೆಗೆ ನೇಯುವುದಿಲ್ಲ. ಗೇಣುದ್ದದ ಎಳೆಗಳನ್ನು ಹಣಿಗೆಯ ಹಲ್ಲುಗಳಲ್ಲಿಯೇ ಬಿಟ್ಟಿರುತ್ತಾರೆ. ಹೊಸ ಹಾಸು ಬಂದಾಗ ಆ ಹಳೆಯ ತುದಿಗಳಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು, ಇದೇ ಕೆಚ್ಚುವುದು. ಬೆರಳು ಒದ್ದೆಯಾದರೆ ಎಳೆ ಜಾರುತ್ತದೆ, ಅದಕ್ಕೆಂದೇ ಬೂದಿ. ನಮ್ಮ ಮನೆಯಲ್ಲಿ ಅದು ನನ್ನ ಕೆಲಸ.

ನೇಯುತ್ತಿದ್ದವನು ನನ್ನ ಅಣ್ಣ ದಸ್ತಗೀರ. ಅಪ್ಪ ತೀರಿಕೊಂಡಾಗ ಉರ್ದು ಶಾಲೆ ಬಿಟ್ಟು ಮಗ್ಗದ ಕುಣಿಗೆ ಇಳಿದ ಅವನಿಗೆ ಲಾಳಿಯ ಓಟದಲ್ಲಿಯೇ ಕವಿತೆಯ ಸಾಲುಗಳು ಹೊಳೆಯುತ್ತಿದ್ದವು. ಎರಡು ಕೈ, ಎರಡು ಕಾಲು ದುಡಿಯುತ್ತಿರುವಾಗ ಬರೆಯುವುದು ಹೇಗೆ? ಅವನು ಹೇಳುತ್ತಿದ್ದ, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದ ತಂಗಿ ನಾನು ರಾಟೆ ನಿಲ್ಲಿಸಿ, ನೂಲು ಸುತ್ತಿ ಬಂದ ನೀಲಿ ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದೆ. ನಾನು ಕಲಿತದ್ದು ಕನ್ನಡ ನಾಲ್ಕನೇ ಇಯತ್ತೆ. ಹೀಗಾಗಿ ಅಣ್ಣನ ಉರ್ದು ಕವಿತೆಗಳೆಲ್ಲ ಮೊದಲು ಕನ್ನಡ ಅಕ್ಷರಗಳಲ್ಲಿ ಕಣ್ಣು ಬಿಟ್ಟವು. ಸಂಜೆ ನಾನು ಓದಿ ಹೇಳಿದಂತೆ ಅವನು ಬಲದಿಂದ ಎಡಕ್ಕೆ ತನ್ನ ಲಿಪಿಯಲ್ಲಿ ಇಳಿಸುತ್ತಿದ್ದ.

ಎದುರುಮನೆಯ ನೇಕಾರ ಗುರುಬಸಪ್ಪ ಕಾಕಾ ತಮ್ಮ ಮಗ್ಗದಿಂದಲೇ ಕೂಗುತ್ತಿದ್ದರು: "ಲೇ ದಸ್ತಗೀರಾ, ನಿನ್ನ ಸೀರಿ ಉಟ್ಟಾಕಿ ಅಳಾಕತ್ತಾಳಂತಲೇ! ಅದರಾಗ ಏನೇನ ಹಾಕಿ ನೇಯ್ದೀಯೋ!"

"ಅಳಲಿ ಬಿಡ್ರಿ ಕಾಕಾ, ಬಣ್ಣಾ ಬಿಡದಿದ್ರ ಸಾಕ್ರಿ," ಎನ್ನುತ್ತಿದ್ದ ಅಣ್ಣ.

ಜಮಖಂಡಿಯ ಕವಿಗೋಷ್ಠಿಯೊಂದರಲ್ಲಿ ಅವನು ಓದಿದ್ದನ್ನು ಕೇಳಿದ ನಾಟಕದವರು ಮುಧೋಳಕ್ಕೆ ಕರೆಸಿ ಪದ ಬರೆಸಿಕೊಂಡರು. ಅಲ್ಲಿಂದ ಮುಂಬಯಿಯ ಕರೆ ಬಂತು. ಹೊರಡುವ ದಿನ ಅವನು ಕೈಯಲ್ಲಿದ್ದ ಸೀರೆಯನ್ನು ಮುಗಿಸಿ, ತುದಿಗಳನ್ನು ನೀಟಾಗಿ ಗುಂಪು ಕಟ್ಟಿ ಬಿಟ್ಟ.

"ತುದಿ ಬಿಟ್ಟೇನಿ. ಬ್ಯಾರೆ ಯಾರ ಹಾಸೂ ಇದಕ್ಕ ಕೆಚ್ಚಬ್ಯಾಡ. ಅಲ್ಲಿ ನಡೀಲಿಲ್ಲಂದ್ರ ಇಲ್ಲಿ ಮಗ್ಗ ಐತಲ್ಲ."

"ನಡದರ?"

"ನಡದರೂ ಬರ್ತೇನಿ."

ನಾನು ಮಾತು ಕೊಟ್ಟೆ. ಮಗ್ಗ ಸುಮ್ಮನೆ ನಿಂತಿತು. ನಾನು ಕಾಕಾನ ಮಗ್ಗಕ್ಕೆ ಕಂಡಿಕೆ ಸುತ್ತುತ್ತ ಅಮ್ಮನ ಜೊತೆ ದಿನ ದೂಡಿದೆ. ಅಣ್ಣನ ಕಾಗದಗಳು ಬರುತ್ತಿದ್ದವು, ಕೊಂಬು, ಇಳಿ ತಪ್ಪಿದ ಕನ್ನಡದಲ್ಲಿ. ನನಗಾಗಿ ನನ್ನ ನೀಲಿ ಕಾಗದಗಳನ್ನೇ ಮುಂದಿಟ್ಟುಕೊಂಡು ಅಕ್ಷರ ಕಲಿತಿದ್ದ. ಮೊದಲು ಬೇರೆಯವರ ಹೆಸರಿನಲ್ಲಿ ಹಾಡು, ಆಮೇಲೆ ತನ್ನ ಹೆಸರಿನಲ್ಲಿ, ಆಮೇಲೆ ಸಂಭಾಷಣೆ. ಕೊನೆಗೊಮ್ಮೆ, ಒಬ್ಬ ನೇಕಾರನ ಕಥೆಯನ್ನು ತಾನೇ ಬರೆದು ತಾನೇ ಚಿತ್ರ ಮಾಡಿದ.

ಆ ಚಿತ್ರ ಜಮಖಂಡಿಗೆ ಬಂದಾಗ ನಮ್ಮ ಓಣಿಗೆ ಓಣಿಯೇ ಹೋಯಿತು. ಅಣ್ಣನೂ ಬಂದಿದ್ದ, ಅಮ್ಮನ ಮತ್ತು ನನ್ನ ನಡುವೆ ಕೂತಿದ್ದ. ಚಿತ್ರದಲ್ಲಿ ಮಗ ಪಟ್ಟಣಕ್ಕೆ ಹೋಗುತ್ತಾನೆ. ತಾಯಿ ಕತ್ತರಿ ತಂದು ಅವನ ಮಗ್ಗದ ಎಳೆಗಳನ್ನು ಹಣಿಗೆಯ ಹತ್ತಿರವೇ ಕತ್ತರಿಸಿಬಿಡುತ್ತಾಳೆ. ಮುಂಬಯಿಯ ಜನ ಅಲ್ಲಿ ಅತ್ತಿದ್ದರಂತೆ. ಇಲ್ಲಿ ಗುರುಬಸಪ್ಪ ಕಾಕಾ ಎದ್ದು ನಿಂತರು: "ಏ ಯವ್ವಾ, ಕೊಯ್ಯಬ್ಯಾಡ! ತುದಿ ಬಿಡು, ತುದಿ!" ಇಡೀ ಥಿಯೇಟರು ನಕ್ಕಿತು. "ಮುಂಬೈ ನೀರ ಕುಡದು ಕಸಬಾ ಮರತಾನ್ಲೇ," ಎಂದರು ಹಿಂದಿನವರು. ಅಣ್ಣ ತಲೆ ತಗ್ಗಿಸಿದ.

ಹೊರಗೆ ಬಂದಮೇಲೆ ಕೇಳಿದೆ: "ಖರೇನ ಮರತಿ?"

"ಮರತಿಲ್ಲ. ಅಲ್ಲಿ ಮಂದಿಗೆ ಗಂಟು ತಿಳಿಯಂಗಿಲ್ಲ, ಕತ್ತರಿ ತಿಳೀತೈತಿ," ಎಂದ. "ಮುಂದಿನ ಚಿತ್ರದಾಗ ನಿನ್ನ ಬೆರಳ ತೋರಸ್ತೇನಿ, ನೋಡು."

ನನಗೆ ಸಿಟ್ಟು ಇಳಿದಿರಲಿಲ್ಲ. "ನಾ ಏನ ನಿನ್ನ ಮಗ್ಗಾ ಕೊಯ್ದೇನೇನು?" ಎಂದೆ. ಮರುದಿನ ಹೊರಡುವ ಮುನ್ನ ಅವನು ಒಬ್ಬನೇ ಮಗ್ಗದ ಹತ್ತಿರ ಹೋಗಿ, ಆ ತುದಿಗಳ ಮೇಲೆ ಕೂತಿದ್ದ ಧೂಳನ್ನು ಬಾಯಿಂದ ಊದಿ ಬಂದ.

ಮುಂದಿನ ಚಿತ್ರ ಬರಲಿಲ್ಲ. ಎದೆಯ ಬೇನೆ ಬಂತು, ಕಾಗದಗಳು ಗಿಡ್ಡವಾದವು, ಕಡೆಗೆ ಬೇರೆಯವರ ಕೈಬರಹದ ಕಾಗದವೊಂದು ಬಂತು. ಅಣ್ಣ ಮುಂಬಯಿಯಲ್ಲಿಯೇ ಮಣ್ಣಾದ. ಸಿಟ್ಟಿನಲ್ಲಿ ಆಡಿದ ಆ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ನನಗೆ ಯಾವ ಕಾಗದವೂ ಸಿಗಲಿಲ್ಲ.

ನಲವತ್ತು ದಿನಗಳು ಕಳೆದ ಮೇಲೆ, ನಿನ್ನೆ, ಗುರುಬಸಪ್ಪ ಕಾಕಾ ತಮ್ಮ ಹಾಸನ್ನು ಹೆಗಲ ಮೇಲೆ ಹೊತ್ತು ಬಾಗಿಲಲ್ಲಿ ನಿಂತರು.

"ತಂಗೀ, ಖಾಲಿ ಮಗ್ಗಾ ನೋಡಾಕ ಆಗವಲ್ದು. ನಾ ಇಲ್ಲೇ ಬಂದು ನೇಯ್ತೇನಿ. ಬ್ಯಾಡಂದ್ರ ಹೊತ್ತಕೊಂಡ ಹೊಕ್ಕೇನಿ, ಸಿಟ್ಟ ಮಾಡಂಗಿಲ್ಲ."

ನಾನು ಕೊಟ್ಟ ಮಾತು ಅಡ್ಡ ನಿಂತಿತ್ತು. ಅಮ್ಮ ಗೋಡೆಗೆ ಒರಗಿ ಕೂತಲ್ಲಿಂದಲೇ ಹೇಳಿದಳು: "ಕೆಚ್ಚು, ಮಗಳ. ಬರೂದ ಇಲ್ಲ ಅನ್ನಾಂವ ತುದಿ ಯಾಕ ಬಿಡ್ತಿದ್ದ? ಆತ ಬರಲಿಲ್ಲ, ಹಾಸು ಬಂತು."

ಈಗ ಹಣಿಗೆಯ ಮುಂದೆ ಕೂತಿದ್ದೇನೆ. ನಡುನಡುವೆ ಬೆರಳಿಗೆ ಬಿಡುವು ಕೊಟ್ಟು ನಿಮಗಿದನ್ನು ಬರೆಯುತ್ತಿದ್ದೇನೆ, ಉಳಿದಿದ್ದ ನೀಲಿ ಕಾಗದದ ಮೇಲೆಯೇ. ಕತ್ತರಿಗೆ ಒಂದು ಗಳಿಗೆ ಸಾಕು, ಅದಕ್ಕೇ ಅದು ಚಿತ್ರದಲ್ಲಿ ಹಿಡಿಸುತ್ತದೆ. ಇದಕ್ಕೆ ಎರಡು ದಿನ ಬೇಕು. ಅಣ್ಣನ ಎಳೆ ಒಂದು, ಕಾಕಾನ ಎಳೆ ಒಂದು, ನಡುವೆ ನನ್ನ ಬೆರಳ ತಿರುವು. ನೇಯಲು ತೊಡಗಿದಾಗ ಮೊದಲ ಗೇಣು ಬಟ್ಟೆ ಅಣ್ಣನ ಎಳೆಗಳದೇ, ಆಮೇಲೆ ಗಂಟುಗಳ ಸಾಲು, ಆಮೇಲೆ ಹೊಸದು.

ಅರ್ಧದಷ್ಟು ಆಗಿದೆ. ಕೆಲಸ ನಿಧಾನ, ಎಳೆ ಜಾರುತ್ತದೆ. ಬೆವರುವ ಕಾಲವಲ್ಲ ಇದು, ಆದರೂ ಬೆರಳುಗಳು ಮತ್ತೆ ಮತ್ತೆ ಒದ್ದೆಯಾಗುತ್ತವೆ. ಬೆಳಗ್ಗೆ ತುಂಬಿಟ್ಟ ಚಿಪ್ಪು ಬರಿದಾಗಿದೆ. ಅಮ್ಮ ಎದ್ದು, ಒಲೆಯ ಬೂದಿಯನ್ನು ಸೋಸುತ್ತಿದ್ದಾಳೆ.